ಬಾಗೋರ್ ಕಿ ಹವೇಲಿ: ಕೆರೆ ದಡದ 138 ಕೋಣೆಗಳಿಗೆ ಹೊಸ ಕೆಲಸ ಸಿಕ್ಕ ಬಗೆ

ರಾಜಸ್ಥಾನದ ಮೇವಾಡ ಸಂಸ್ಥಾನದ ಮಂತ್ರಿ ಅಮರಚಂದ್ ಬಡವಾ ತೀರಿಕೊಂಡಾಗ ಅವನ ಅಂತ್ಯಕ್ರಿಯೆಗೆ ಸಾಲುವಷ್ಟು ಹಣ ಮನೆಯಲ್ಲಿರಲಿಲ್ಲ. ಉದಯಪುರದ ಜನ ಚಂದಾ ಎತ್ತಿ ಅವನನ್ನು ಕಳಿಸಿಕೊಟ್ಟರು. 1818ರಿಂದ 1822ರವರೆಗೆ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿದ್ದ ಜೇಮ್ಸ್ ಟಾಡ್ ಇದನ್ನು ಬರೆದಿಟ್ಟಿದ್ದಾನೆ. ಮಂತ್ರಿಯೊಬ್ಬನ ಅಂತ್ಯಸಂಸ್ಕಾರ ಊರಿನವರ ವಂತಿಗೆಯಿಂದ ನಡೆದದ್ದು ಭಾರತದ ಇತಿಹಾಸದಲ್ಲಿ ಬಹುಶಃ ಇದೊಂದೇ ಸಲ ಎಂದೂ ಸೇರಿಸಿದ್ದಾನೆ.

ಅದೇ ಮಂತ್ರಿ ಕಟ್ಟಿಸಿದ ಮನೆ ಪಿಚೋಲಾ ಕೆರೆಯ ಅಂಚಿನಲ್ಲಿ, ಗಣಗೌರ್ ಘಾಟಿಗೆ ಮೈತಾಗಿಸಿಕೊಂಡು ಇಂದೂ ನಿಂತಿದೆ. 138 ಕೋಣೆಗಳು, ಒಂದರೊಳಗೊಂದು ತೆರೆದುಕೊಳ್ಳುವ ಅಂಗಳಗಳು, ನೀರಿನತ್ತ ಚಾಚಿದ ಝರೋಖಾಗಳು ಎಂಬ ಕಿಟಕಿಮಾಡಗಳು, ಮೇಲೆ ತಾರಸಿಗಳು. ಜಗದೀಶ ದೇವಾಲಯದಿಂದ ಇಳಿಜಾರಿನ ಓಣಿಯಲ್ಲಿ ನಾಲ್ಕು ಹೆಜ್ಜೆ ಇಳಿದರೆ ಮೂರು ಕಮಾನುಗಳ ಬಾಗಿಲು ಎದುರಾಗುತ್ತದೆ. ಅದರಾಚೆ ಮೆಟ್ಟಿಲು, ಮೆಟ್ಟಿಲಿನಾಚೆ ನೀರು. ಮನೆಯ ಈಗಿನ ಹೆಸರು ಬಾಗೋರ್ ಕಿ ಹವೇಲಿ. ಹಗಲು ಅದು ವಸ್ತುಸಂಗ್ರಹಾಲಯ, ಸಂಜೆ ರಂಗಸ್ಥಳ, ಅದರ ಜೊತೆಗೆ ಒಂದು ಸಾಂಸ್ಕೃತಿಕ ಸಂಸ್ಥೆಯ ಕಚೇರಿ.

ಹಳೆಯ ಮನೆ ಉಳಿಸುವ ಮಾತು ಬಂದಾಗಲೆಲ್ಲ ಗಾರೆ, ಮರ, ಕೆತ್ತನೆ, ಬಣ್ಣ ಇವುಗಳ ಚರ್ಚೆಯೇ ಮುಂದಾಗುತ್ತದೆ. ಕೆಲಸ ಮುಗಿದು ಬಾಗಿಲು ತೆಗೆದ ಮರುದಿನ ಒಳಗೆ ಯಾರು ಓಡಾಡುತ್ತಾರೆ, ಸಂಜೆ ಹೊತ್ತು ದೀಪ ಹಚ್ಚುವವರು ಯಾರು, ಮಳೆ ಸೋರಿದರೆ ಮೊದಲು ಕಾಣುವುದು ಯಾರ ಕಣ್ಣಿಗೆ ಎಂಬುದನ್ನು ಕೊನೆಗೆ ಯೋಚಿಸುತ್ತೇವೆ. ಎಷ್ಟೋ ಮನೆಗಳು ದುರಸ್ತಿಯಾಗಿಯೂ ಮತ್ತೆ ಬೀಳುವುದು ಇದರಿಂದಲೇ. ಬಾಗೋರ್ ಹವೇಲಿ ಉಳಿದದ್ದು ಕೋಣೆಗಳ ಅಳತೆಗೆ ತಕ್ಕ ಕೆಲಸ ಸಿಕ್ಕಿತು ಎಂಬ ಕಾರಣಕ್ಕೆ ಎಂದು ನಾನು ನಂಬಿದ್ದೇನೆ. ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಲೆಂದೇ ಈ ಪ್ರಕರಣವನ್ನು ಬಿಡಿಸಿ ನೋಡುತ್ತಿದ್ದೇನೆ.

ಯಾರ ಮನೆ

ಸನಾಢ್ಯ ಬ್ರಾಹ್ಮಣನಾಗಿದ್ದ ಅಮರಚಂದ್ 1751ರಿಂದ 1778ರವರೆಗೆ, ಎರಡನೇ ಪ್ರತಾಪ ಸಿಂಗ್, ಎರಡನೇ ರಾಜ ಸಿಂಗ್, ಎರಡನೇ ಅರಿ ಸಿಂಗ್ ಮತ್ತು ಎರಡನೇ ಹಮೀರ ಸಿಂಗ್ ಹೀಗೆ ನಾಲ್ವರು ಮಹಾರಾಣರ, ಅಂದರೆ ಮೇವಾಡದ ದೊರೆಗಳ, ಕಾಲದಲ್ಲಿ ಮೇವಾಡದ ಆಡಳಿತ ನೋಡಿಕೊಂಡವನು. ಆ ಕಾಲ ಮೇವಾಡಕ್ಕೆ ಒಳ್ಳೆಯ ಕಾಲವಾಗಿರಲಿಲ್ಲ. 1769ರಲ್ಲಿ ಮಹಾದಜಿ ಶಿಂಧೆಯ ಮರಾಠಾ ಸೈನ್ಯ ಉದಯಪುರಕ್ಕೆ ಮುತ್ತಿಗೆ ಹಾಕಿತು. ನಡುವೆ ಅಧಿಕಾರದಿಂದ ದೂರವಾಗಿದ್ದ ಬಡವಾನನ್ನು ಆ ಸಂಕಟದಲ್ಲಿ ಅರಿ ಸಿಂಗ್ ಮತ್ತೆ ಕರೆಸಿಕೊಂಡ. ಸಂಬಳ ಸಿಗದೆ ತಿರುಗಿಬಿದ್ದಿದ್ದ ಸೈನಿಕರಿಗೆ ಕೊಡಲು ಅರಮನೆಯ ಬೆಳ್ಳಿ ಬಂಗಾರದ ಪಾತ್ರೆಗಳೇ ಹಣವಾದವು, ಒಡವೆಗಳು ಒತ್ತೆ ಹೋದವು. ಆರು ತಿಂಗಳ ಮೇಲೆ 70 ಲಕ್ಷ ರೂಪಾಯಿಗೆ ಒಪ್ಪಂದವಾಯಿತು. ಶಿಂಧೆ ಇನ್ನೂ 20 ಲಕ್ಷ ಬೇಕೆಂದ. ಬಡವಾ ಒಪ್ಪಂದದ ಪತ್ರವನ್ನು ಹರಿದು ಅವನಿಗೇ ವಾಪಸು ಕಳಿಸಿದ. ಕೊನೆಗೆ ವ್ಯವಹಾರ ಕುದುರಿದ್ದು ಅರವತ್ತಮೂರೂವರೆ ಲಕ್ಷಕ್ಕೆ, ಅಂದರೆ ಮೊದಲು ಕೇಳಿದ್ದಕ್ಕಿಂತಲೂ ಕಡಿಮೆಗೆ. ಇದೂ ಟಾಡ್ ಹೇಳಿದ ಕಥೆಯೇ. ಮುಂದೆ ಬಾಲಕ ಹಮೀರನ ಕಾಲದಲ್ಲಿ ರಾಜಮಾತೆಯ ಅನುಮಾನ ತನ್ನ ಮೇಲೆ ತಿರುಗಿದಾಗ ಬಡವಾ ತನ್ನ ಆಸ್ತಿಯ ಪಟ್ಟಿ ಮಾಡಿ, ಒಡವೆ ಪಾತ್ರೆಗಳಿಂದ ಉಡುಪಿನವರೆಗೆ ಎಲ್ಲವನ್ನೂ ಗಾಡಿಗಳಲ್ಲಿ ಹೇರಿ ಆಕೆಯ ಬಾಗಿಲಿಗೆ ಕಳಿಸಿದನಂತೆ. ಸತ್ತಾಗ ಚಂದಾ ಎತ್ತಬೇಕಾಗಿ ಬಂದದ್ದು ಹೀಗೆ.

ಬಡವಾನ ನಂತರ ಮನೆ ರಾಜವಂಶದ ಕೈಗೆ ಹೋಯಿತು. ಮಹಾರಾಣರ ಬಂಧು, ಬಾಗೋರ್ ಶಾಖೆಯ ನಾಥ್ ಸಿಂಗ್ ಇಲ್ಲಿ ವಾಸಕ್ಕೆ ಬಂದ. ಬಾಗೋರ್ ಎಂಬುದು ಈಗಿನ ಭೀಲ್ವಾಡಾ ಜಿಲ್ಲೆಯ ಒಂದು ಊರು. ಕೊಠಾರಿ ನದಿಯ ದಡದ ಆ ಊರಲ್ಲೇ ಪುರಾತತ್ವಜ್ಞರು 1960ರ ದಶಕದ ಕೊನೆಯಲ್ಲಿ ಅಗೆದು ಮಧ್ಯಶಿಲಾಯುಗದ ನೆಲೆಯೊಂದನ್ನು ಬೆಳಕಿಗೆ ತಂದರು. ಜಹಗೀರು ಸಣ್ಣದು, ಅದರ ವಂಶ ಮಾತ್ರ ದೊಡ್ಡದಾಗಿ ಬೆಳೆಯಿತು. 1838ರಿಂದ 1884ರವರೆಗೆ ಮೇವಾಡದ ಗಾದಿಗೇರಿದ ಸರ್ದಾರ್ ಸಿಂಗ್, ಸ್ವರೂಪ್ ಸಿಂಗ್, ಶಂಭು ಸಿಂಗ್, ಸಜ್ಜನ್ ಸಿಂಗ್ ನಾಲ್ವರೂ ಬಾಗೋರ್ ಮನೆತನದಿಂದ ಬಂದವರು. ಸಜ್ಜನ್ ಸಿಂಗನ ತಂದೆ ಮಹಾರಾಜ ಶಕ್ತಿ ಸಿಂಗ್ 1878ರಲ್ಲಿ ಮನೆಯನ್ನು ವಿಸ್ತರಿಸಿ ಮೂರು ಕಮಾನುಗಳ ಬಾಗಿಲನ್ನು ಕಟ್ಟಿಸಿದ. ಅಂದಿನಿಂದ 1947ರವರೆಗೆ ಮನೆ ಬಾಗೋರ್ ಠಿಕಾಣೆಯದಾಗಿ, ಅಂದರೆ ಆ ಜಹಗೀರಿನದಾಗಿ, ಉಳಿಯಿತು, ಹೆಸರೂ ಹಾಗೆಯೇ ಅಂಟಿಕೊಂಡಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಕಟ್ಟಿದವನು ಮಂತ್ರಿ, ಹೆಸರು ಮಾತ್ರ ರಾಜಬಂಧುಗಳದು. ಈ ಸಣ್ಣ ಅಂತರ ಮುಂದೆ ವಸ್ತುಸಂಗ್ರಹಾಲಯದೊಳಗೂ ಹೊಕ್ಕಿದೆ.

ನಲವತ್ತು ವರ್ಷ

ಸ್ವಾತಂತ್ರ್ಯ ಬಂದ ಮೇಲೆ ಹವೇಲಿ ರಾಜಸ್ಥಾನ ಸರ್ಕಾರದ ಸ್ವತ್ತಾಯಿತು. ಸರ್ಕಾರ ಅದನ್ನು ನೌಕರರ ವಸತಿಗೆ ಕೊಟ್ಟಿತು. ಹೊಸ ರಾಜ್ಯ, ಹೊಸ ಇಲಾಖೆಗಳು, ನೌಕರರಿಗೆ ಮನೆಗಳ ಕೊರತೆ. ಕೈಯಲ್ಲಿದ್ದದ್ದು ಅರಮನೆ, ಹವೇಲಿಗಳು. ಆ ನಿರ್ಧಾರವನ್ನು ಇಂದು ಕುಳಿತು ಬೈಯುವುದು ಸುಲಭ. ಒಂದು ಲೆಕ್ಕದಲ್ಲಿ ಅದು ಮನೆಯನ್ನು ಮನೆಯಾಗಿಯೇ ಬಳಸಿದ ಕಾಲ. ಕೆಟ್ಟದ್ದು ವಾಸದಿಂದಲ್ಲ, ಒಡೆತನದ ಬಗೆಯಿಂದ. ಒಂದೊಂದು ಕುಟುಂಬಕ್ಕೆ ಒಂದೆರಡು ಕೋಣೆ. ಇಡೀ ತಾರಸಿ ಯಾರದೂ ಅಲ್ಲ, ಅಂಗಳದ ಚರಂಡಿ ಯಾರದೂ ಅಲ್ಲ. ವರ್ಗಾವಣೆಯಾದರೆ ನಾಳೆ ಬಿಟ್ಟುಹೋಗುವ ಕೋಣೆಯ ಮಾಡಿಗೆ ಕೈಯಿಂದ ದುಡ್ಡು ಹಾಕುವವರು ಯಾರು? ಸುಮಾರು ನಲವತ್ತು ವರ್ಷ ಹೀಗೇ ಕಳೆದು ಮನೆ ಹದಗೆಡುತ್ತ ಹೋಯಿತು.

ಅದೇ ಅವಧಿಯಲ್ಲಿ ಅದೇ ನೀರಿನ ಮೇಲೆ ಇನ್ನೊಂದು ಕಟ್ಟಡದ ಹಣೆಬರಹ ಬೇರೆಯಾಗಿ ತಿರುಗಿತ್ತು. ಎರಡನೇ ಜಗತ್ ಸಿಂಗ್ 1740ರ ದಶಕದಲ್ಲಿ ಕೆರೆಯ ನಡುಗಡ್ಡೆಯಲ್ಲಿ ಕಟ್ಟಿಸಿದ ಜಗ್ ನಿವಾಸ್ 1963ರಲ್ಲಿ ಲೇಕ್ ಪ್ಯಾಲೇಸ್ ಹೋಟೆಲ್ ಆಯಿತು. ಅದು ಜಗತ್ತಿಗೇ ಹೆಸರಾದ ಮೇಲೆ ಪಿಚೋಲಾ ಸುತ್ತಲಿನ ಹವೇಲಿಗಳ ಮುಂದೆ ಒಂದೇ ಮಾದರಿ ಉಳಿಯಿತು: ದುಡ್ಡಿದ್ದರೆ ಹೋಟೆಲ್, ಇಲ್ಲದಿದ್ದರೆ ಹಾಳು. 1986ರ ಹೊತ್ತಿಗೆ ಬಾಗೋರ್ ಹವೇಲಿ ನಿಂತದ್ದು ಈ ಕವಲಿನಲ್ಲಿ.

ಮೂರನೆಯ ದಾರಿ ತೆರೆದದ್ದು ದೆಹಲಿಯಿಂದ ಬಂದ ಒಂದು ಯೋಜನೆಯಿಂದ. ಜನಪದ ಕಲೆಗಳನ್ನು ರಾಜಧಾನಿಯ ಸಭಾಂಗಣಗಳಿಂದ ಆಚೆ ಬೆಳೆಸಬೇಕೆಂದು ಕೇಂದ್ರ ಸರ್ಕಾರ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳನ್ನು ಕಟ್ಟಿತು. ದಕ್ಷಿಣದ ಕೇಂದ್ರ ತಂಜಾವೂರಿಗೆ ಹೋಯಿತು, ಪಶ್ಚಿಮದ್ದು ಉದಯಪುರಕ್ಕೆ ಬಂತು. ರಾಜಸ್ಥಾನ, ಗುಜರಾತ್, ಮಹಾರಾಷ್ಟ್ರ, ಗೋವಾ ರಾಜ್ಯಗಳನ್ನೂ ದಮನ್ ದಿಯು, ದಾದ್ರಾ ನಗರ್ ಹವೇಲಿಗಳನ್ನೂ ಒಳಗೊಂಡ ಪಶ್ಚಿಮ ವಲಯ ಸಾಂಸ್ಕೃತಿಕ ಕೇಂದ್ರಕ್ಕೆ ಒಂದು ನೆಲೆ ಬೇಕಿತ್ತು. ರಾಜ್ಯ ಸರ್ಕಾರವನ್ನು ಒಪ್ಪಿಸಿ 1986ರಲ್ಲಿ ಹವೇಲಿಯನ್ನು ಈ ಸಾಂಸ್ಕೃತಿಕ ಕೇಂದ್ರದ ವಶಕ್ಕೆ ಪಡೆಯಲಾಯಿತು. ನೆಲೆ ಬೇಕಾದ ಸಂಸ್ಥೆ, ಒಡೆಯ ಬೇಕಾದ ಮನೆ. ಎರಡಕ್ಕೂ ಒಂದೇ ವರ್ಷ ಕೂಡಿಬಂದದ್ದು ಅದೃಷ್ಟ ಎಂದೇ ಹೇಳಬೇಕು.

ನೀರು, ಸುಣ್ಣ, ಗೋಡೆ

ಕೆರೆ ದಡದ ಹಳೆಯ ಮನೆಯ ಶತ್ರು ಅಲೆಯಲ್ಲ. ಪಿಚೋಲಾದಲ್ಲಿ ಅಂಥ ಅಲೆಗಳೂ ಏಳುವುದಿಲ್ಲ. ನಿಧಾನವಾಗಿ, ಸದ್ದಿಲ್ಲದೆ ಮೇಲೇರುವ ತೇವವೇ ಇಲ್ಲಿ ಅಪಾಯ. ಕಲ್ಲು, ಇಟ್ಟಿಗೆ, ಗಾರೆಗಳ ಕೂದಲೆಳೆಯಂಥ ರಂಧ್ರಗಳಲ್ಲಿ ನೆಲದ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಬರುವಾಗ ಮಣ್ಣಿನ ಲವಣಗಳನ್ನೂ ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೇಲ್ಮೈಯಲ್ಲಿ ನೀರು ಆರಿಹೋಗುತ್ತದೆ, ಲವಣ ಅಲ್ಲೇ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಗೋಡೆ ಹಿಟ್ಟುದುರಿಸುವುದು, ಸುಣ್ಣ ಹಪ್ಪಳ ಏಳುವುದು ಇದರಿಂದಲೇ.

ಪಿಚೋಲಾ ಹದಿನಾಲ್ಕನೆಯ ಶತಮಾನದಲ್ಲಿ ಬಣಜಾರನೊಬ್ಬ ಕಟ್ಟೆ ಹಾಕಿ ಮಾಡಿದ ಕೆರೆ. ಉದಯಪುರವನ್ನು ಕಟ್ಟಿದ ಎರಡನೇ ಉದಯ ಸಿಂಗ್ ಅದನ್ನು ಹಿಗ್ಗಿಸಿದ. ಮಳೆಯನ್ನೇ ನಂಬಿದ ಕೆರೆಯಾದ್ದರಿಂದ ಅದರ ಮಟ್ಟ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಭೀಕರ ಬರದಲ್ಲಿ ಜಗ್ ನಿವಾಸಕ್ಕೆ ದೋಣಿಯಿಲ್ಲದೆ ಒಣ ನೆಲದ ಮೇಲೆಯೇ ಹೋಗಿಬಂದ ವರ್ಷಗಳಿವೆ. ಸದಾ ಒದ್ದೆಯಾಗಿರುವ ಗೋಡೆಗಿಂತ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಗೋಡೆಗೆ ಲವಣದ ಕಾಟ ಹೆಚ್ಚು. ದಡದ ಮನೆಗಳ ಆರೋಗ್ಯ ಕೆರೆಯ ಆರೋಗ್ಯದಿಂದ ಬೇರೆಯಲ್ಲ.

ಇಂಥ ಗೋಡೆಗೆ ಸಿಮೆಂಟ್ ಮೆತ್ತುವುದು ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಟ್ಟಿದಂತೆ. ಸಿಮೆಂಟು ಗಟ್ಟಿ, ಆದರೆ ಬಿಗಿ. ತೇವ ಹೊರಬರಲು ದಾರಿ ಕಾಣದೆ ಇನ್ನೂ ಮೇಲಕ್ಕೆ, ಸಿಮೆಂಟ್ ಮುಗಿದು ಹಳೆಯ ಗಾರೆ ಶುರುವಾಗುವ ಜಾಗಕ್ಕೆ ಏರುತ್ತದೆ. ಅಲ್ಲಿ ಚಿತ್ರವಿದ್ದರೆ ಚಿತ್ರ ಉದುರುತ್ತದೆ. ಸುಣ್ಣದ ಗಾರೆ ಹಾಗಲ್ಲ. ಸುಟ್ಟ ಸುಣ್ಣದಕಲ್ಲನ್ನು ನೀರಲ್ಲಿ ಅರಳಿಸಿ, ತಿಂಗಳುಗಟ್ಟಲೆ ಕೊಳೆಹಾಕಿ, ಮರಳು ಬೆರೆಸಿ ಹಚ್ಚಿದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಗಟ್ಟಿಯಾದ ಮೇಲೂ ಉಸಿರಾಡುತ್ತದೆ. ಗೋಡೆ ಸ್ವಲ್ಪ ಕದಲಿದರೆ ತಾನೂ ಹೊಂದಿಕೊಳ್ಳುತ್ತದೆ. ಕೊನೆಗೆ ಯಾವುದಾದರೂ ಒಂದು ಸಾಯಲೇಬೇಕು ಎಂದಾಗ ಕಲ್ಲನ್ನು ಉಳಿಸಿ ತಾನು ಉದುರುತ್ತದೆ. ಐವತ್ತು ವರ್ಷಕ್ಕೊಮ್ಮೆ ಮೇಲುಗಾರೆ ಬದಲಿಸುವುದನ್ನು ಹಳೆಯ ಗಾರೆಯವರು ಸೋಲೆಂದು ಎಣಿಸುತ್ತಿರಲಿಲ್ಲ. ಮೇಲುಗಾರೆ ಇದ್ದದ್ದೇ ಅದಕ್ಕೆ.

ರಾಜಸ್ಥಾನದಲ್ಲಿ ಈ ಸುಣ್ಣದ ಕೆಲಸದ ತುತ್ತತುದಿಯೆಂದರೆ ಆರಾಯಿಶ್. ಬಹುಕಾಲ ನೆನೆಸಿ, ನೀರು ಬದಲಿಸುತ್ತ ಹದಮಾಡಿದ ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿ ತೆಳ್ಳಗೆ ಪದರ ಪದರವಾಗಿ ಎಳೆಯುತ್ತಾರೆ. ಒದ್ದೆಯಿರುವಾಗಲೇ ಬಣ್ಣವಿಟ್ಟು, ಸಣ್ಣ ಕರಣೆಯಿಂದ ತಟ್ಟಿ ಒಳಗಿಳಿಸಿ, ಅಕೀಕ್ ಕಲ್ಲಿನಿಂದ ಉಜ್ಜಿ, ಕೊನೆಗೆ ಕೊಬ್ಬರಿಯಿಂದ ಹೊಳಪೇರಿಸುತ್ತಾರೆ. ಹೀಗೆ ಬರೆದ ಚಿತ್ರ ಗೋಡೆಯ ಮೇಲಿರುವುದಿಲ್ಲ, ಗೋಡೆಯೊಳಗೇ ಇರುತ್ತದೆ. ಒಣಗಿದ ಗೋಡೆಯ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆಯುವುದು ಇನ್ನೊಂದು ಬಗೆ. ಅದು ಗೋಡೆಗೆ ಅಂಟಿದ ತೆಳು ಪೊರೆಯಷ್ಟೇ.

ಬಾಗೋರ್‌ನಲ್ಲಿ ಈ ಭೇದಕ್ಕೆ ಬೆಲೆ ಬಂದದ್ದು ದುರಸ್ತಿಯ ದಿನಗಳಲ್ಲಿ. ಹೆಂಗಸರ ಕೋಣೆಗಳ ಗೋಡೆಗಳ ಕೆಲಸ ನಡೆಯುವಾಗ ಸುಮಾರು ಇನ್ನೂರು ವರ್ಷ ಹಳೆಯ ಮೇವಾಡಿ ಶೈಲಿಯ ಭಿತ್ತಿಚಿತ್ರಗಳು ಬೆಳಕಿಗೆ ಬಂದವು. ಜನ ವಾಸಿಸುವ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಸುಣ್ಣ ಬಳಿಯುತ್ತಾರೆ, ಸರ್ಕಾರಿ ವಸತಿಯಲ್ಲಂತೂ ಗೋಡೆಗೆ ಸುಣ್ಣವೇ ಉಡುಗೆ. ಆ ಪದರಗಳು ಚಿತ್ರವನ್ನು ಮುಚ್ಚುತ್ತವೆ, ಹೊಗೆಯಿಂದ, ಮೊಳೆಯಿಂದ, ಮಕ್ಕಳ ಗೀಚಿನಿಂದ ಕಾಯಲೂ ಬಹುದು. ತೆಗೆಯುವಾಗ ಮಾತ್ರ ಎದೆ ಗಟ್ಟಿ ಬೇಕು. ಚಿತ್ರ ಗಾರೆಯೊಳಗೆ ಇಳಿದಿದ್ದರೆ ಸುಣ್ಣದ ಪದರ ಚೂರಿಯ ತುದಿಗೆ ಸಿಪ್ಪೆಯಂತೆ ಬಿಡುತ್ತದೆ. ಅಂಟುಬಣ್ಣದ್ದಾದರೆ ಸುಣ್ಣದ ಜೊತೆ ಕಣ್ಣು ಮೂಗೂ ಕಿತ್ತುಬರುತ್ತವೆ. ನೀರು ಹಾಕಿ ತಿಕ್ಕುವಂತಿಲ್ಲ, ಅವಸರ ಮಾಡುವಂತಿಲ್ಲ. ಒಂದು ಅಂಗೈ ಅಗಲದ ಜಾಗಕ್ಕೆ ಒಂದು ದಿನ ಹಿಡಿಯಬಹುದಾದ ಕೆಲಸ ಇದು. ಅದೇ ಕೋಣೆಗಳಲ್ಲಿ ಬಣ್ಣದ ಗಾಜಿನ ಸಣ್ಣ ಸಣ್ಣ ಚೂರು ಜೋಡಿಸಿ ಮಾಡಿದ ಎರಡು ನವಿಲುಗಳಿವೆ. ಕಿಟಕಿಯ ಬೆಳಕು ಅವುಗಳ ಕತ್ತಿನ ನೀಲಿಯ ಮೇಲೆ ಬಿದ್ದಾಗ ಸ್ವಲ್ಪ ಹೊತ್ತು ಏನೂ ಯೋಚಿಸದೆ ನಿಲ್ಲಬೇಕೆನಿಸುತ್ತದೆ.

ಈ ಕೋಣೆಗಳಲ್ಲಿ ಏನು ನಡೆಯಬಹುದು

ಈಗ ಮುಖ್ಯ ಪ್ರಶ್ನೆ. 138 ಕೋಣೆಗಳ ಹವೇಲಿಯನ್ನು ಹೋಟೆಲ್ ಮಾಡುತ್ತೇವೆ ಎಂದುಕೊಳ್ಳೋಣ. ಅರ್ಧದಷ್ಟು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟರೂ ಹತ್ತಿರ ಹತ್ತಿರ ಎಪ್ಪತ್ತು ಬಚ್ಚಲು ಬೇಕು. ಅಷ್ಟೂ ಬಚ್ಚಲಿಗೆ ನೀರು ಏರುವ ಕೊಳವೆ, ಕೊಳೆ ಇಳಿಯುವ ಕೊಳವೆ, ದಪ್ಪ ಗೋಡೆಗಳನ್ನು ಕೊರೆದು ಹಾಕಬೇಕು. ಕೆಳಗಿನಿಂದ ಏರುವ ತೇವದ ಜೊತೆ ಸೆಣಸುವ ಗೋಡೆಗೆ ಮೇಲಿನಿಂದಲೂ ತೇವ ಸೇರುತ್ತದೆ; ಒಂದು ಜೋಡಣೆ ಸೋರಿದರೂ ಅದು ಹೊರಗೆ ಕಾಣುವ ಹೊತ್ತಿಗೆ ಒಳಗಿನ ಸುಣ್ಣ ಮೆತ್ತಗಾಗಿರುತ್ತದೆ. ಎಸಿ ಇಡಲು ಝರೋಖಾಗಳನ್ನು ಗಾಜಿನಿಂದ ಮುಚ್ಚಬೇಕು, ಆಗ ಮನೆಯ ಉಸಿರು ಕಟ್ಟುತ್ತದೆ. ಅತಿಥಿಗೆ ಏಕಾಂತ ಬೇಕು. ಒಂದು ಕೋಣೆಯ ಮೂಲಕ ಇನ್ನೊಂದಕ್ಕೆ ಹೋಗುವ ಮನೆಯಲ್ಲಿ ಏಕಾಂತ ಬೇಕೆಂದರೆ ಬಾಗಿಲು ಮುಚ್ಚಿ ಗೋಡೆ ಎಬ್ಬಿಸಬೇಕು. ಇದೆಲ್ಲ ಆಗದ ಕೆಲಸ ಎನ್ನುವುದಿಲ್ಲ. ಪಿಚೋಲಾ ದಡದಲ್ಲಿ ಹಲವು ಕಡೆ ಆಗಿದೆ, ಕೆಲವು ಕಡೆ ತುಂಬ ಚೆನ್ನಾಗಿಯೂ ಆಗಿದೆ. ಆದರೆ ಆ ದಾರಿಯಲ್ಲಿ ಮನೆ ಅತಿಥಿಯ ಅಳತೆಗೆ ಬದಲಾಗಬೇಕು.

ಸಾಂಸ್ಕೃತಿಕ ಕೇಂದ್ರದವರು ಹವೇಲಿಯನ್ನು ಪರಿಶೀಲಿಸಿ ಆಯ್ದ ದಾರಿ ಬೇರೆ. ಮೇವಾಡದ ಶ್ರೀಮಂತ ಮನೆತನದ ಬದುಕನ್ನು ಕೋಣೆ ಕೋಣೆಯಾಗಿ ತೋರಿಸುವ ವಸ್ತುಸಂಗ್ರಹಾಲಯ. ರಾಣಿವಾಸದ ಮಲಗುವ ಕೋಣೆ ಮಲಗುವ ಕೋಣೆಯಾಗಿಯೇ, ಸ್ನಾನದ ಮನೆ ಸ್ನಾನದ ಮನೆಯಾಗಿಯೇ, ಅಲಂಕಾರದ ಕೋಣೆ, ಪೂಜೆಯ ಕೋಣೆ, ಪಗಡೆಯಂಥ ಚೌಪಡ್ ಆಡುವ ಕೋಣೆ. ಹುಕ್ಕಾ, ಪಾನದಾನಿ, ಅಡಕತ್ತರಿ, ಬೀಸಣಿಗೆ, ಪನ್ನೀರುದಾನಿ, ತಾಮ್ರದ ಕೊಪ್ಪರಿಗೆಗಳು. ದೊಡ್ಡ ಸಭಾಂಗಣ ಬೇಡುವ ಪ್ರದರ್ಶನವಾಗಿದ್ದರೆ ಈ ಮನೆ ಸೋಲುತ್ತಿತ್ತು, ಏಕೆಂದರೆ ಇಲ್ಲಿ ದೊಡ್ಡ ಕೋಣೆಗಳೇ ಕಡಿಮೆ. ಸಣ್ಣ ಕೋಣೆಗಳ ಸರಣಿಗೆ ಸಣ್ಣ ವಸ್ತುಗಳ ಸರಣಿ ಹೊಂದಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ತೆರೆಯುವ ಬಾಗಿಲುಗಳು ಹೋಟೆಲಿಗೆ ದೋಷ, ನೋಡುತ್ತ ಸಾಗುವವರಿಗೆ ಅವೇ ದಾರಿ. ಕೊಳವೆ ಬೇಡ, ಎಸಿ ಬೇಡ, ಹೊಸ ಗೋಡೆ ಬೇಡ. ನೋಡುಗರ ಉಸಿರಿನ ತೇವ, ಮುಟ್ಟುವ ಕೈ, ಚಿತ್ರಗಳ ಮೇಲೆ ಬೀಳುವ ಬೆಳಕು ಇವೂ ಹೊರೆಯೇ, ಆದರೆ ಕಾವಲಿಟ್ಟು ಹದ್ದಿನಲ್ಲಿಡಬಹುದಾದ ಹೊರೆ.

ಇದರ ಜೊತೆಗೆ ಆದ ಇನ್ನೊಂದು ಕೆಲಸವನ್ನು ಪ್ರವಾಸಿಗರು ಗಮನಿಸುವುದು ಕಡಿಮೆ. ಕೇಂದ್ರ ತನ್ನ ಕಚೇರಿಯನ್ನೂ ಇದೇ ಹವೇಲಿಯಲ್ಲಿ ಇಟ್ಟುಕೊಂಡಿತು. ಕಾಯುವವರ ಮೇಜು ಕಾಯಬೇಕಾದ ಮಾಡಿನ ಕೆಳಗೇ ಇದೆ. ಮಳೆಗಾಲದಲ್ಲಿ ಮಾಡು ಸೋರಿದರೆ ದೂರದ ಯಾವುದೋ ಇಲಾಖೆಗೆ ಪತ್ರ ಬರೆದು ಕಾಯಬೇಕಿಲ್ಲ. ಹನಿ ಬೀಳುವುದು ಅವರದೇ ಕಡತದ ಮೇಲೆ. ನಲವತ್ತು ವರ್ಷ ಯಾರದೂ ಅಲ್ಲದ ತಾರಸಿಗೆ ಒಬ್ಬ ಯಜಮಾನ ಸಿಕ್ಕ. ಸಂರಕ್ಷಣೆಯ ಎಷ್ಟೋ ದುಬಾರಿ ಉಪಾಯಗಳಿಗಿಂತ ಇದು ದೊಡ್ಡದು ಎಂದು ನನಗನ್ನಿಸುತ್ತದೆ.

ನೀಮ್ ಚೌಕ್

ತೊಟ್ಟಿಮನೆಯನ್ನು ಬಲ್ಲವರಿಗೆ ಹವೇಲಿಯ ಚೌಕ್ ಪರಿಚಿತವೇ: ನಡುವೆ ಆಕಾಶ, ಸುತ್ತ ಜಗಲಿ. ಬಾಗೋರ್‌ನಲ್ಲಿ ಒಂದೊಂದು ಅಂಗಳಕ್ಕೂ ಒಂದೊಂದು ಹೆಸರು. ಬಾವಿಯದು ಕುಆಂ ಚೌಕ್, ತುಳಸಿಯದು ತುಳಸಿ ಚೌಕ್, ಬೇವಿನದು ನೀಮ್ ಚೌಕ್. ಕಮಲ್ ತಲಾಯಿ ಎಂಬ ಕಮಲದಾಕಾರದ ಕಾರಂಜಿ ಒಂದು ಅಂಗಳದಲ್ಲಿದೆ. ಸಂಜೆ 7 ಗಂಟೆಗೆ ನೀಮ್ ಚೌಕದಲ್ಲಿ 'ಧರೋಹರ್' ಎಂಬ ಪ್ರದರ್ಶನ ಶುರುವಾಗುತ್ತದೆ. ಧರೋಹರ್ ಎಂದರೆ ಹಿರಿಯರು ಒಪ್ಪಿಸಿಹೋದ ನಿಧಿ. ಸುಮಾರು ಒಂದು ಗಂಟೆ. ತಲೆಯ ಮೇಲೆ ಉರಿಯುವ ಹಿತ್ತಾಳೆ ಕೊಡವಿಟ್ಟು ಕುಣಿಯುವ ಚರೀ, ಮೈಗೆ ಕಟ್ಟಿಕೊಂಡ ಹದಿಮೂರು ತಾಳಗಳನ್ನು ಕುಳಿತಲ್ಲೇ ನುಡಿಸುವ ತೇರಾತಾಲಿ, ಸುತ್ತುತ್ತ ಕುಣಿಯುವ ಘೂಮರ್, ಕಠಪುತಲಿ ಎಂಬ ಬೊಂಬೆಯಾಟ. ಕೊನೆಯಲ್ಲಿ ಭವಾಯಿ: ಒಂದರ ಮೇಲೊಂದು ಮಡಕೆ ಏರುತ್ತ ಹೋಗುತ್ತದೆ, ನೋಡುವವರ ಕುತ್ತಿಗೆಯೂ ಜೊತೆಗೇ ಮೇಲಕ್ಕೇಳುತ್ತದೆ.

ಈ ಅಂಗಳ ಅದಕ್ಕೆಂದೇ ಕಟ್ಟಿದ್ದೇನೋ ಎನ್ನುವಷ್ಟು ಒಪ್ಪುತ್ತದೆ. ನಾಲ್ಕೂ ಕಡೆಯ ಗೋಡೆ ತಬಲಾ, ಹಾರ್ಮೋನಿಯಂ, ಗೆಜ್ಜೆಯ ಸದ್ದನ್ನು ಓಣಿಗೆ ಚೆಲ್ಲದೆ ಒಳಗೇ ಹಿಡಿದಿಡುತ್ತದೆ. ಕುಣಿಯುವವರು ಕೈಗೆಟಕುವ ದೂರದಲ್ಲಿರುತ್ತಾರೆ. ಜಾಗ ಸಣ್ಣದು, ಹಾಗಾಗಿ ಟಿಕೆಟ್‌ಗೆ ಜನ ಮುಂಚೆಯೇ ಬಂದು ಸಾಲು ನಿಲ್ಲುತ್ತಾರೆ. ಇನ್ನೂ ಹೆಚ್ಚು ಜನರನ್ನು ಕೂರಿಸಬೇಕೆಂಬ ಆಸೆ ಯಾರಿಗಾದರೂ ಬರುವುದು ಸಹಜ, ಆ ಆಸೆಯನ್ನು ತಡೆದುಕೊಳ್ಳುವುದರಲ್ಲೇ ಈ ಮನೆಯ ಕ್ಷೇಮವಿದೆ. ದೊಡ್ಡ ಬಯಲು ಬೇಕಾದ ಕಾರ್ಯಕ್ರಮಗಳಿಗೆ ಕೇಂದ್ರ ಊರಾಚೆ ಹವಾಲಾ ಗ್ರಾಮದಲ್ಲಿ ಸುಮಾರು 70 ಎಕರೆಯ ಶಿಲ್ಪಗ್ರಾಮವನ್ನು ಕಟ್ಟಿಕೊಂಡಿತು. ಡಿಸೆಂಬರ್ ಕೊನೆಯ ದೊಡ್ಡ ಜಾತ್ರೆ ನಡೆಯುವುದು ಅಲ್ಲಿ. ಹವೇಲಿಯ ಮೇಲಿನ ಭಾರವನ್ನು ಇಳಿಸಿದ ಈ ಹಂಚಿಕೆ ದೂರಾಲೋಚನೆಯದು.

ಈ ಸಂಜೆಯ ಆಟದಲ್ಲಿ ನನಗೆ ಹಿಡಿಸಿದ್ದು ಇನ್ನೊಂದಿದೆ. ತೇರಾತಾಲಿ ಕಾಮಡ ಸಮುದಾಯದ ಹೆಂಗಸರ ಕಲೆ. ಚರೀ ಕಿಶನ್‌ಗಢ ಕಡೆಯ ಗುಜ್ಜರರದು. ಬೊಂಬೆಯಾಡಿಸುವವರು ಊರೂರು ತಿರುಗಿದ ಭಾಟರು. ಪಕ್ಕದ ಕೋಣೆಗಳಲ್ಲಿ ಇಟ್ಟಿರುವ ಪಾನದಾನಿ, ಪನ್ನೀರುದಾನಿಗಳು ಇವರ ಬದುಕಿನವಲ್ಲ. ಒಂದು ಕಾಲಕ್ಕೆ ಇಂಥ ಮನೆಯೊಳಗೆ ಇವರು ಬರುತ್ತಿದ್ದರೆ ಕರೆದಾಗ ಬಂದು, ಕೊಟ್ಟದ್ದನ್ನು ತೆಗೆದುಕೊಂಡು ಹೋಗುವವರಾಗಿ. ಇಂದು ಪ್ರತಿ ಸಂಜೆ ಮನೆಯ ನಡುವಣ ಅಂಗಳ ಇವರದು, ನೂರಾರು ಜನ ಟಿಕೆಟ್ ಕೊಂಡು ಇವರಿಗಾಗಿ ಕಾಯುತ್ತಾರೆ. ವಾರಕ್ಕೆ ಏಳು ಸಂಜೆ ಒಂದೇ ಆಟ ಆಡಿದರೆ ಕಲೆ ಸವೆಯುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಹಬ್ಬ, ಹರಕೆ, ರಾತ್ರಿಯ ಜಾಗರಣೆಯಿಂದ ಕಿತ್ತು ತಂದು ಗಂಟೆಯ ಅಳತೆಗೆ ಕತ್ತರಿಸಿದರೆ ಏನೋ ಕಳೆದೇ ಹೋಗುತ್ತದೆ. ಆದರೂ ದಿನದ ದುಡಿಮೆಯಾಗಿ ಉಳಿದ ಕಲೆಯನ್ನು ಮಗಳಿಗೆ ಕಲಿಸಲು ತಾಯಿಗೆ ಒಂದು ಕಾರಣವಿರುತ್ತದೆ. ನಾನು ಆ ಕಡೆಗೇ ವಾಲುತ್ತೇನೆ.

ಇಲ್ಲದ ಕೋಣೆ

ಎಲ್ಲ ಕೋಣೆಗಳೂ ಒಂದೇ ತೂಕದವಲ್ಲ. ಭಾರೀ ಗಾತ್ರದ ಪಗಡಿಯನ್ನು, ಅಂದರೆ ಮುಂಡಾಸನ್ನು, ಜಗತ್ತಿನಲ್ಲೇ ದೊಡ್ಡದೆಂದು ತೋರಿಸುತ್ತಾರೆ. ಅದರ ಪಕ್ಕದಲ್ಲಿ ಬೇರೆ ಬೇರೆ ಸೀಮೆ, ಬೇರೆ ಬೇರೆ ಜಾತಿ ಕಸುಬಿನವರ ಪಗಡಿಗಳಿವೆ. ಮುಂಡಾಸಿನ ಸುತ್ತು ನೋಡಿ ಊರು ಹೇಳುವ ನಾಡಿನಲ್ಲಿ ಅವುಗಳದೇ ನಿಜವಾದ ಕಥೆ, ಜನ ನಿಲ್ಲುವುದು ದೊಡ್ಡದರ ಮುಂದೆ. ಥರ್ಮಾಕೋಲ್‌ನಲ್ಲಿ ಕೊರೆದ ಪ್ರಸಿದ್ಧ ಸ್ಮಾರಕಗಳ ಮಾದರಿಗಳಿಗೂ ಒಂದು ಜಾಗವಿದೆ. ಕೈಚಳಕ ಮೆಚ್ಚಬೇಕಾದ್ದೇ. ಆದರೆ ಕಲ್ಲು, ಸುಣ್ಣ, ಗಾಜಿನ ಮನೆಯೊಳಗೆ ಅವುಗಳಿಗೆ ಕೊಟ್ಟ ಜಾಗವನ್ನು ಈ ಮನೆಯ ಕಥೆಗೇ ಕೊಡಬಹುದಿತ್ತು.

ಏಕೆಂದರೆ ಈ ಮನೆಯ ಕಥೆಯೇ ಇಲ್ಲಿ ಅರ್ಧ ಕಾಣೆಯಾಗಿದೆ. ವಸ್ತುಸಂಗ್ರಹಾಲಯ ಆರಿಸಿಕೊಂಡದ್ದು ರಾಜಮನೆತನದ ಬದುಕನ್ನು. ಕಟ್ಟಿದ ಮಂತ್ರಿಯ ಹೆಸರು ಪರಿಚಯದ ಸಾಲುಗಳಲ್ಲಿ ಬಂದುಹೋಗುತ್ತದೆ. ಒಪ್ಪಂದ ಹರಿದ ಧೈರ್ಯ, ಗಾಡಿಗಳಲ್ಲಿ ಹೇರಿ ಕಳಿಸಿದ ಪಾತ್ರೆ ಪಡಗ, ಚಂದಾ ಎತ್ತಿದ ಊರು ಇವಕ್ಕೆ ಒಂದು ಕೋಣೆ ಸಲ್ಲಬೇಕಿತ್ತು. ಅದಕ್ಕಿಂತಲೂ ನನ್ನನ್ನು ಕಾಡುವುದು ಆ ನಲವತ್ತು ವರ್ಷ. ಇಲ್ಲಿ ಗುಮಾಸ್ತರ ಮಕ್ಕಳು ಹುಟ್ಟಿ ಬೆಳೆದಿರುತ್ತಾರೆ. ಝರೋಖಾದ ಕಂಬಗಳ ನಡುವೆ ಬಟ್ಟೆ ಒಣಗಿರುತ್ತದೆ, ರಾಣಿವಾಸದ ಗೂಡಿನಲ್ಲಿ ಮಸಾಲೆ ಡಬ್ಬಿ ಕೂತಿರುತ್ತದೆ. ದುರಸ್ತಿ ಆ ಕಾಲವನ್ನು ಹಾಳಾದ ಕಾಲವೆಂದು ಲೆಕ್ಕ ಹಾಕಿ ಒರೆಸಿಹಾಕಿತು. ಆದರೆ ಈ ಮನೆಯಲ್ಲಿ ಸಾಮಾನ್ಯರು ವಾಸಿಸಿದ ಕಾಲವೆಂದರೆ ಅದೊಂದೇ. 138ರಲ್ಲಿ ಒಂದು ಕೋಣೆಯನ್ನು ಆ ಕಾಲದಂತೆ ಇಡಬಹುದು: ಮಡಿಸುವ ಮಂಚ, ಟ್ರಂಕು, ಹೊಗೆ ಹಿಡಿದ ಮೂಲೆ, ಗೋಡೆಯ ಒಂದು ಬದಿ ಸುಣ್ಣದ ಪದರಗಳು ಹಾಗೇ ಉಳಿದು, ಇನ್ನೊಂದು ಬದಿ ಬಿಡಿಸಿದ ಚಿತ್ರ. ಎರಡು ಬದುಕೂ ಒಂದೇ ಗೋಡೆಯಲ್ಲಿ ಕಾಣುತ್ತವೆ. ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಆ ಮಕ್ಕಳು ಇನ್ನೂ ಬದುಕಿರುವಾಗಲೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವಂತೂ ತಡವಾಗಬಾರದು.

ಇಷ್ಟು ಹೇಳಿದ ಮೇಲೂ ನನ್ನ ತಕ್ಕಡಿ ಒಪ್ಪಿಗೆಯ ಕಡೆಗೇ ಇಳಿಯುತ್ತದೆ, ಅದಕ್ಕೆ ಕಾರಣ ಮನೆಯೊಳಗಿಗಿಂತ ಹೊರಗಿದೆ. ಕೆರೆ ದಡದ ದೊಡ್ಡ ಮನೆಯ ಜೊತೆ ದಡವೂ ಮಾರಾಟವಾಗುವುದು ಸಾಮಾನ್ಯ. ಹೋಟೆಲಿನ ತಾರಸಿ, ಹೋಟೆಲಿನ ದೋಣಿಕಟ್ಟೆ, ಕಾವಲುಗಾರ. ಗಣಗೌರ್ ಘಾಟ್ ಹಾಗಾಗಲಿಲ್ಲ. ಹೋಳಿಯ ಮರುದಿನದಿಂದ ಹದಿನೆಂಟು ದಿನದ ಗಣಗೌರ್ ವ್ರತದ ಕೊನೆಗೆ ಹೆಂಗಸರು ಈಸರ್ (ಶಿವ) ಮತ್ತು ಗೌರಿಯ ಬಣ್ಣದ ಮರದ ಪ್ರತಿಮೆಗಳನ್ನು ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ಈ ಘಾಟಿಗೇ ಬರುತ್ತಾರೆ, ಶಕ್ತಿ ಸಿಂಗ್ ಕಟ್ಟಿಸಿದ ಮೂರು ಕಮಾನುಗಳ ಕೆಳಗೆ ಹಾದು ನೀರಿಗಿಳಿಯುತ್ತಾರೆ. ಅವತ್ತು ಹವೇಲಿಯ ಝರೋಖಾಗಳಲ್ಲಿ ಯಾರು ಬೇಕಾದರೂ ನಿಂತು ನೋಡಬಹುದು. ಉಳಿದ ದಿನ ಸಂಜೆ ಎಂಟರ ಸುಮಾರಿಗೆ ನೀಮ್ ಚೌಕದ ದೀಪ ಆರಿದಾಗ ಜನ ಓಣಿಗೆ ಬಂದು, ಬಲಕ್ಕೋ ಎಡಕ್ಕೋ ಎಂದು ಒಂದು ಕ್ಷಣ ನಿಂತು, ಹೆಚ್ಚಿನವರು ಕಮಾನು ದಾಟಿ ಮೆಟ್ಟಿಲ ಮೇಲೆ ಕೂರುತ್ತಾರೆ. ಮಡಕೆಗಳನ್ನು ತಲೆಯಿಂದ ಇಳಿಸಿದ ಹೆಂಗಸು ಅದೇ ಬಾಗಿಲಿನಿಂದ ಮನೆಗೆ ಹೊರಡುತ್ತಾಳೆ.